ಒಂದೇ ಅಕ್ಷರದ ಬೀಗರು

ನನ್ನ ಗಂಡನಿಗೆ ಸತ್ತವರ ಮಾತು ಕೇಳಿಸುತ್ತದೆ ಎಂದು ಶಿಹೇಖೌ ಪೇಟೆಯಲ್ಲಿ ಒಂದು ಕಾಲಕ್ಕೆ ಸುದ್ದಿಯಿತ್ತು. ಸುದ್ದಿ ಹಬ್ಬಿಸಿದವಳು ನಾನೇ. ಬೆಳಗ್ಗೆ ಗಂಜಿ ಬಡಿಸಿ ಎದುರಿಗೆ ಕೂತರೆ ಈ ಮನುಷ್ಯ ಬಟ್ಟಲು ಮುಟ್ಟದೆ, ಕಣ್ಣು ಮುಚ್ಚಿಕೊಂಡು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಬಾತುಕೋಳಿಯ ಹಾಗೆ ‘ಙ್ರಾಕ್, ಙ್ರಾಕ್’ ಎನ್ನುತ್ತಿದ್ದರೆ ಅಕ್ಕಪಕ್ಕದವರಿಗೆ ನಾನು ಏನೆಂದು ಹೇಳಲಿ? ಎರಡೂವರೆ ಸಾವಿರ ವರ್ಷದ ಹಿಂದಿನವರ ಜೊತೆ ಮಾತಾಡುತ್ತಿದ್ದಾರೆ, ಮಾತು ಮುಗಿದ ಮೇಲೆ ಬರುತ್ತಾರೆ ಎಂದು ಹೇಳಿ ಕಳಿಸುತ್ತಿದ್ದೆ.

ಅವರ ಹೆಸರು ಯ್ವೆ ಜಿಂಗ್‌ಶು. ಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ನಾನು ಪೇಲಾನ್, ಗಿಡಮೂಲಿಕೆ ಅಂಗಡಿಯವರ ಮಗಳು. ನನ್ನ ಹೆಸರೂ ಒಂದು ಮೂಲಿಕೆಯದೇ. ಅಂಗಡಿ ಸರ್ಕಾರದ ಪಾಲಾದಾಗ ನನ್ನಪ್ಪ ಹೇಗೋ ಉಳಿಸಿಕೊಂಡದ್ದು ಗೋಡೆಯಗಲದ ಔಷಧಿ ಬೀರು ಒಂದನ್ನೇ. ಅದರ ತುಂಬ ಅಂಗೈಯಗಲದ ಖಾನೆಗಳು. ಮಗಳು ಸೂಜಿದಾರ, ಒಣಮೆಣಸಿನಕಾಯಿ, ಗುಂಡಿ, ಗುಳಿಗೆ ಇಟ್ಟುಕೊಳ್ಳಲಿ ಎಂದು ಅದನ್ನು ನನ್ನ ಮದುವೆಗೆ ಕೊಟ್ಟ. ಮೇಷ್ಟ್ರು ಅದರೊಳಗೆ ಅಕ್ಷರ ತುಂಬಿದರು.

ನಮ್ಮ ಚೀನೀ ಅಕ್ಷರಗಳ ಕಥೆ ಕಷ್ಟದ್ದೇನಲ್ಲ. ಬಹುಪಾಲು ಅಕ್ಷರಗಳು ಎರಡು ತುಂಡು ಸೇರಿ ಆದವು. ಒಂದು ತುಂಡು ಅರ್ಥ ಹೇಳುತ್ತದೆ, ಇನ್ನೊಂದು ಬಾಯಲ್ಲಿ ಹೇಗೆ ಅನ್ನಬೇಕು ಎಂದು ಹೇಳುತ್ತದೆ. ಹೆಣ್ಣು ಎಂದು ಬರೆದು ಪಕ್ಕದಲ್ಲಿ ಕುದುರೆ ಎಂದು ಬರೆದರೆ ಅಮ್ಮ ಎಂದಾಗುತ್ತದೆ. ಕುದುರೆಗೂ ‘ಮಾ’ ಎನ್ನುತ್ತೇವೆ, ಅಮ್ಮನಿಗೂ ‘ಮಾ’ ಎನ್ನುತ್ತೇವೆ. ಕುದುರೆ ಅಲ್ಲಿಗೆ ಬಂದದ್ದು ದನಿ ಕೊಡಲು ಮಾತ್ರ. ಮದುವೆಯಾದ ಹೊಸತರಲ್ಲಿ ಮೇಷ್ಟ್ರು ಇದನ್ನು ನನಗೆ ವಿವರಿಸಿದಾಗ, ‘ನಿಮ್ಮಮ್ಮನ್ನ ನೋಡಿದ ಮೇಲೆ ಬರೀ ದನಿಗೆ ಅಂತ ನನಗೇನೂ ಅನ್ನಿಸ್ತಿಲ್ಲ’ ಎಂದಿದ್ದೆ. ಆಗ ನಗು ತಡೆಯಲು ಅವರು ಪಟ್ಟ ಪಾಡು ನೋಡಿಯೇ ಈ ಮನುಷ್ಯನ ಜೊತೆ ಬಾಳಬಹುದು ಅನ್ನಿಸಿದ್ದು.

ತೊಂದರೆ ಏನೆಂದರೆ ದನಿ ಹೇಳಬೇಕಾದ ತುಂಡು ಈಗ ಎಷ್ಟೋ ಕಡೆ ಸುಳ್ಳು ಹೇಳುತ್ತದೆ. ಹೊಳೆ ಎಂಬ ಅಕ್ಷರದಲ್ಲಿ ನೀರಿನ ಪಕ್ಕ ಕೆಲಸ ಇದೆ. ಕೆಲಸಕ್ಕೆ ‘ಗುಂಗ್’ ಎನ್ನುತ್ತೇವೆ, ಹೊಳೆಗೆ ‘ಜ್ಯಾಂಗ್’ ಎನ್ನುತ್ತೇವೆ. ಗೊತ್ತಿಲ್ಲದ ಅಕ್ಷರ ಎದುರಾದರೆ ಅರ್ಧ ನೋಡಿ ಓದಿಬಿಡುವುದು ನಮ್ಮವರ ಹಳೇ ಚಾಳಿ, ಹಾಗೆ ಓದಿ ನಗೆಪಾಟಲಾಗುವುದೂ ಹಳೇ ಚಾಳಿ. ಬೇರೆ ಮೇಷ್ಟ್ರುಗಳು ಅಂಥವರ ಕಿವಿ ಹಿಂಡುತ್ತಿದ್ದರು. ನಮ್ಮವರು ಬೆನ್ನು ತಟ್ಟುತ್ತಿದ್ದರು. ‘ನಿಂದು ತಪ್ಪೇನಿಲ್ಲ ಮಗಾ, ಎರಡು ಸಾವಿರ ವರ್ಷ ತಡವಾಗಿ ಹುಟ್ಟಿದೀಯ ಅಷ್ಟೇ.’ ಆ ಮಕ್ಕಳು ಪರೀಕ್ಷೆಯಲ್ಲೂ ಹಾಗೇ ಬರೆದು ಬರುತ್ತಿದ್ದವು, ತಾಯಂದಿರು ನನ್ನ ಹತ್ತಿರ ಜಗಳಕ್ಕೆ ಬರುತ್ತಿದ್ದರು.

ಅಕ್ಷರ ಬರೆದವರು ಹುಚ್ಚರಲ್ಲ, ಅವರು ಬರೆದಾಗ ಆ ತುಂಡು ನಿಜವನ್ನೇ ಹೇಳುತ್ತಿತ್ತು ಎಂಬುದು ಮೇಷ್ಟ್ರ ನಂಬಿಕೆ. ಆಗ ಕೆಲಸಕ್ಕೂ ಹೊಳೆಗೂ ಹತ್ತಿರದ ದನಿಯೇ ಇದ್ದಿರಬೇಕು, ಕಾಲ ಕಳೆದಂತೆ ನಾಲಿಗೆಗಳು ದಾರಿ ತಪ್ಪಿದವು. ಆದ್ದರಿಂದ ಒಂದೇ ದನಿ ತುಂಡನ್ನು ಹೊತ್ತ ಅಕ್ಷರಗಳನ್ನೆಲ್ಲ ಚೀಟಿಯಲ್ಲಿ ಬರೆದು ಒಂದು ಖಾನೆಗೆ ಹಾಕುವುದು, ಒಳಗಿರುವವರು ಈಗ ಯಾರು ಏನನ್ನುತ್ತಾರೆ ನೋಡುವುದು, ದಕ್ಷಿಣದವರು ಹೇಗನ್ನುತ್ತಾರೆ ವಿಚಾರಿಸುವುದು, ಹಳೇ ಹಾಡುಗಳಲ್ಲಿ ಯಾವುದಕ್ಕೆ ಯಾವುದು ಪ್ರಾಸವಾಗಿದೆ ನೋಡುವುದು, ಆಮೇಲೆ ಕಣ್ಣು ಮುಚ್ಚಿ ಬಾತುಕೋಳಿಯಾಗುವುದು. ಒಂದು ಖಾನೆ ಅಂದರೆ ಒಂದು ಮನೆ ಎನ್ನುತ್ತಿದ್ದರು. ಮೂಲಿಕೆಯ ಘಾಟು ಹತ್ತಿದ ಚೀಟಿಗಳ ನಡುವೆ ಅವರು ಕೂತಿದ್ದರೆ ನನಗೆ ನನ್ನಪ್ಪನೇ ಅಂಗಡಿಯಲ್ಲಿ ಕೂತ ಹಾಗೆ ಕಾಣಿಸುತ್ತಿತ್ತು. ಬೈಯುತ್ತಿದ್ದೆ, ಆದರೆ ಆ ನೋಟ ನನಗೆ ಇಷ್ಟವಿತ್ತು.

ಎಲ್ಲ ಖಾನೆಗಳಲ್ಲಿ ಅವರಿಗೆ ಅಚ್ಚುಮೆಚ್ಚಿನದು ಅವರ ಸ್ವಂತ ಮನೆತನದ್ದು. ಯ್ವೆ ಎಂಬ ಅಕ್ಷರಕ್ಕೆ ಸಂಗೀತ ಎಂದರ್ಥ. ಅದೇ ಅಕ್ಷರವನ್ನು ‘ಲೆ’ ಎಂದು ಓದಿದರೆ ಸಂತೋಷ ಎಂದರ್ಥ. ಅದರ ತಲೆಯ ಮೇಲೆ ಹುಲ್ಲು ಇಟ್ಟರೆ ಔಷಧಿ. ನಾವು ಚಿಕ್ಕವರಿದ್ದಾಗ ಹಾಗೇ ಬರೆಯುತ್ತಿದ್ದೆವು. ಆಮೇಲೆ ಅಕ್ಷರ ಸರಳ ಮಾಡುತ್ತೇವೆಂದು ಹೊರಟವರು ಹುಲ್ಲಿನ ಕೆಳಗೆ ಬೇರೆ ಏನೋ ಬರೆಸಿದರು. ‘ಔಷಧಿಯಿಂದ ಸಂತೋಷ ಕಿತ್ತುಹಾಕಿದ್ರು, ಇನ್ನು ಜ್ವರ ಎಲ್ಲಿ ಬಿಡುತ್ತೆ’ ಎಂದು ಮೇಷ್ಟ್ರು ಪ್ರತಿ ಚಳಿಗಾಲದಲ್ಲೂ ಗೊಣಗುತ್ತಿದ್ದರು.

ಈ ಅಕ್ಷರವನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡವರು ನಮ್ಮ ಕಡೆ ಎರಡು ಊರಿನಲ್ಲಿದ್ದಾರೆ. ಹೊಳೆಯ ಈಚೆ ನಮ್ಮ ಯ್ವೆಗಳ ಊರು, ಆಚೆ ಲೆಗಳ ಊರು. ಕೂಗುವಾಗ ಬೇರೆ ಬೇರೆ, ಬರೆಯುವಾಗ ಒಂದೇ. ಊರ ಬಾಗಿಲಿನ ಬೋರ್ಡುಗಳೂ ಒಂದೇ ಥರ, ಪೋಸ್ಟಿನವನು ಸೈಕಲ್ಲಿಗೆ ಯಾವ ಕಡೆ ಇಳಿಜಾರು ಸಿಗುತ್ತದೋ ಆ ಕಡೆಗೆ ಕಾಗದ ಹಾಕಿ ಹೋಗುತ್ತಿದ್ದ. ಈ ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಒಂದೇ ಹೆಸರಿನವರು ಅಣ್ಣತಂಗಿಯರ ಸಮ, ಮದುವೆಯಾಗಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮದುವೆಯಾದ ಮೇಲೂ ಹೆಣ್ಣು ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಯ್ವೆ ಮತ್ತು ಲೆ ಒಂದೇ ಹೆಸರೋ ಎರಡೋ ಎಂದು ಯಾರೂ ಕೇಳಿರಲಿಲ್ಲ, ಕೇಳುವ ಸಂದರ್ಭ ಬಂದಿರಲಿಲ್ಲ.

ಸಂದರ್ಭ ತಂದವಳು ನನ್ನ ಮಗಳು ಮಿಂಗ್‌ಚಿನ್. ಪೇಟೆಯ ಪ್ರಸಾರ ಕೋಣೆಯಲ್ಲಿ ಅವಳಿಗೆ ಕೆಲಸ. ಕಂಬಕಂಬದ ಧ್ವನಿವರ್ಧಕದಲ್ಲಿ ಬೆಳಗ್ಗೆ ಸಂಜೆ ಸುದ್ದಿ, ಹವಾಮಾನ, ಹಂದಿ ಬೆಲೆ ಓದುವುದು. ಅಪ್ಪ ಹಳೇ ಉಚ್ಚಾರಣೆಯ ಹುಚ್ಚ, ಮಗಳಿಗೆ ಬೀಜಿಂಗಿನ ಶುದ್ಧ ಉಚ್ಚಾರಣೆಗೇ ಸಂಬಳ. ‘ಅಪ್ಪ ಹಾಳಾಯ್ತು ಅಂತ ಅಳೋ ದನಿಯಿಂದ್ಲೇ ಈ ಮನೆಗೆ ಮಾಂಸ ಬರ್ತಿರೋದು’ ಎಂದು ರೇಗಿಸುತ್ತಿದ್ದಳು. ಒಂದು ದಿನ ಧ್ವನಿವರ್ಧಕ ಕೆಟ್ಟಿತು. ರಿಪೇರಿಗೆ ಬಂದವನು ಹೊಳೆಯಾಚೆಯ ರೇಡಿಯೋ ಅಂಗಡಿಯ ಹುಡುಗ, ಲೆ ಕೈತಿಯನ್. ಆಮೇಲೆ ಆ ಧ್ವನಿವರ್ಧಕ ಕೆಡುವುದು ಜಾಸ್ತಿಯಾಯಿತು.

ನಮ್ಮ ಮನೆಗೆ ಮೊದಲ ಸಲ ಬಂದಾಗ ಅವನು ಮೇಷ್ಟ್ರ ಎದುರು ಬೆಂಚಿನ ತುದಿಯಲ್ಲಿ ಕೂತ. ಬಂದವರನ್ನು ಓಡಿಸಲು ನಮ್ಮವರಿಗೆ ಗೊತ್ತಿರುವುದು ಒಂದೇ ಉಪಾಯ. ಖಾನೆ ಎಳೆದು, ಚೀಟಿ ಹರವಿ, ತಮ್ಮಿಬ್ಬರ ಹೆಸರಿನ ಹಳೇ ದನಿ ಅಂದು ತೋರಿಸಿದರು. ಮೊದಲು ಮೂಗಿನಲ್ಲಿ ‘ಙ’, ಅದು ಮುಗಿಯುವ ಮುಂಚೆ ನಾಲಿಗೆ ಮಡಿಸಿ ‘ರ’, ಕೊನೆಗೆ ಗಂಟಲಲ್ಲಿ ‘ಕ್’ ಎಂದು ತುಂಡರಿಸುವುದು. ಮಿಂಗ್‌ಚಿನ್ ತಲೆ ತಗ್ಗಿಸಿದಳು. ನಾನು ಅಡುಗೆಮನೆಗೆ ಹೋಗಿ ನಕ್ಕೆ. ಹುಡುಗ ನಗಲಿಲ್ಲ. ಕಿವಿ ಹತ್ತಿರ ತಂದು, ‘ಮೇಷ್ಟ್ರೇ, ನಡುವೆ ಸ್ವಲ್ಪ ಕರಕರ ಇದೆ. ಸ್ಟೇಶನ್ ಸರಿಯಾಗಿ ಕೂತಿಲ್ಲ. ಇನ್ನೊಂದ್ಸಲ ಅನ್ನಿ’ ಎಂದ. ಅವತ್ತು ಮೇಷ್ಟ್ರು ತಮ್ಮ ಸಾರಿನ ಬಟ್ಟಲಿನಿಂದ ಒಳ್ಳೇ ಮಾಂಸವಿದ್ದ ಮೂಳೆ ಆರಿಸಿ ತೆಗೆದು ಅವನ ಬಟ್ಟಲಿಗೆ ಹಾಕಿದರು. ನನಗೆ ಅಷ್ಟರಲ್ಲೇ ಎಲ್ಲ ತಿಳಿಯಿತು.

ಮದುವೆ ಮಾತು ಎತ್ತಲು ಶ್ಯು ಚಿಕ್ಕಮ್ಮ ಹೊರಟಳು. ಹೊಳೆಯ ಎರಡೂ ದಡದಲ್ಲಿ ಅವಳು ಕೂಡಿಸದ ಜೋಡಿಯಿಲ್ಲ. ನೆರಳು ಉದ್ದವಾಗುವ ಹೊತ್ತಿಗೆ ತಿರುಗಿ ಬಂದು, ಚಪ್ಪಲಿ ಬಿಟ್ಟು, ನನ್ನ ಕೈಯಿಂದ ಚಹಾ ಬಟ್ಟಲು ಕಿತ್ತುಕೊಂಡು ಕುಡಿದಳು.

‘ಮುದುಕ ಅಡ್ಡ ಹಾಕಿದಾನೆ ಮೇಷ್ಟ್ರಮ್ಮ.’

ಮುದುಕ ಅಂದರೆ ಕೈತಿಯನ್‌ನ ಅಜ್ಜ, ಚಾಂಗ್‌ಹ್ವೈ. ಹುಡುಗನ ತಂದೆತಾಯಿ ಬೇಗ ಹೋಗಿದ್ದರು; ಅಜ್ಜ ಅಜ್ಜಿಯೇ ಸಾಕಿದ್ದು, ಈಗ ಅಜ್ಜಿಯೂ ಇಲ್ಲ.

‘ಹುಡುಗಿ ಬೇಡ ಅಂತಾನಾ?’

‘ಹುಡುಗಿ ಅಂದ್ರೆ ಪ್ರಾಣ. ದಿನಾ ಬೆಳಗ್ಗೆ ಕಂಬದ ಕೆಳಗೆ ಸ್ಟೂಲ್ ಹಾಕ್ಕೊಂಡು ಅವಳು ಓದೋದನ್ನ ಕೇಳ್ತಾನಂತೆ. ಆದ್ರೆ ಅಕ್ಷರ ಒಂದೇ ಅಲ್ವಾ ಅಂತಾನೆ. ನಾಳೆ ಸಮಾಧಿ ಕಲ್ಲಿನ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಬರೆದಾಗ ನೋಡಿದೋರು ಅಣ್ಣತಂಗಿ ಅಂದ್ಕೊಳ್ಳಲ್ವಾ ಅಂತಾನೆ.’

‘ಹಾಗಾದ್ರೆ ಆಗಲ್ವಾ?’

‘ಆಗುತ್ತೆ. ಒಂದು ಮಾತಿದೆ. ಯ್ವೆ ಮೇಷ್ಟ್ರು ಜೀವಮಾನ ಪೂರ್ತಿ ಹಳೇ ದನಿ ಹುಡುಕಿದೋರು. ಅವರು ಬಂದು ನಮ್ಮ ಹಿರಿಯರ ಮನೇಲಿ, ಊರಿನ ನಾಲ್ಕು ಜನದ ಮುಂದೆ, ಯ್ವೆ ಬೇರೆ ಲೆ ಬೇರೆ, ಮೊದಲಿನಿಂದ್ಲೂ ಬೇರೆ ಅಂತ ಹೇಳಿಬಿಡ್ಲಿ, ಅವತ್ತೇ ದಿನ ಗೊತ್ತು ಮಾಡ್ತೀನಿ ಅಂದ.’

ಶ್ಯು ಚಿಕ್ಕಮ್ಮ ಇದನ್ನು ಸಿಹಿ ಸುದ್ದಿಯೆಂದೇ ತಂದಿದ್ದಳು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಬೀರುವಿನ ಕಡೆ ನೋಡುತ್ತಿದ್ದರು. ಯ್ವೆ ಮತ್ತು ಲೆ ಒಂದು ಕಾಲಕ್ಕೆ ಒಂದೇ ದನಿ, ಆಮೇಲೆ ಮೂಗಿನ ದನಿ ಒಬ್ಬರ ಪಾಲಿಗೆ ನಾಲಿಗೆಯ ದನಿ ಇನ್ನೊಬ್ಬರ ಪಾಲಿಗೆ ಹೋಯಿತು ಎಂಬುದು ಅವರ ಇಡೀ ಜನ್ಮದ ಸಂಪಾದನೆ. ಮದುವೆಗೆ ಅಜ್ಜ ಕೇಳಿದ್ದು ಅದನ್ನೇ ಬಿಟ್ಟುಕೊಡಿ ಎಂದು.

ಚಿಕ್ಕಮ್ಮ ಅತ್ತ ಹೋಗುತ್ತಲೇ ನಾನು ಶುರು ಮಾಡಿದೆ.

‘ಒಂದು ಮಾತು ರೀ. ಬೇರೆ ಅಂತ ಅಂದುಬಿಡಿ. ಈಗ ಬೇರೆನೇ ತಾನೇ?’

‘ಈಗ ಬೇರೆ. ಅವರು ಕೇಳ್ತಿರೋದು ಮೊದಲಿನಿಂದ್ಲೂ ಬೇರೆನಾ ಅಂತ.’

‘ಮೊದಲು ಅನ್ನೋದನ್ನ ಯಾರು ನೋಡಿದಾರೆ?’

‘ಪೇಲಾನ್, ನಿನ್ನ ತಾವರೆ ಬೇರಿನ ಸಾರು ಹೇಗಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ಚೆನ್ನಾಗಿದೆ ಅಂತೀನಿ, ಉಪ್ಪು ಜಾಸ್ತಿ ಇದ್ರೂ. ಅಂಥ ಸುಳ್ಳು ನನಗೂ ಬರುತ್ತೆ.’

‘ಉಪ್ಪು ಯಾವತ್ತು ಜಾಸ್ತಿ ಇತ್ತು?’

‘ನೋಡಿದ್ಯಾ, ಅದಕ್ಕೇ ಹೇಳೋದು.’ ಆಮೇಲೆ ದನಿ ತಗ್ಗಿಸಿದರು. ‘ಇದು ಅಂಥದ್ದಲ್ಲ. ನನಗೆ ಗೊತ್ತಿರೋದು ಇದೊಂದೇ. ಇದರಲ್ಲೂ ಸುಳ್ಳು ಹೇಳಿಬಿಟ್ರೆ ನನ್ನ ಹತ್ರ ಇನ್ನೇನು ಉಳೀತು?’

‘ಮಗಳು ಉಳೀತಾಳೆ. ಮನೇಲೇ. ಮುದುಕಿ ಆಗೋವರೆಗೂ.’

ಸರ್ಕಾರಿ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿಕೊಂಡರೆ ಯಾರೂ ತಡೆಯುವಂತಿರಲಿಲ್ಲ, ನಿಜ. ಆದರೆ ಆ ಹುಡುಗ ಅಜ್ಜನ ಮನಸ್ಸು ಮುರಿದು ಮದುವೆಯಾಗುವವನಲ್ಲ, ಹಾಗೆ ಆಗುವವನನ್ನು ನನ್ನ ಮಗಳು ಕಟ್ಟಿಕೊಳ್ಳುವವಳೂ ಅಲ್ಲ. ಅವಳನ್ನಾದರೂ ಅಪ್ಪನ ಮೇಲೆ ಛೂ ಬಿಡೋಣವೆಂದರೆ ಅವಳು, ‘ಅಪ್ಪ, ನಿಮಗೆ ಸರಿ ಅಂತ ಕಂಡಿದ್ದನ್ನೇ ಹೇಳಿ’ ಎಂದು ಕೆಲಸಕ್ಕೆ ಹೊರಟುಹೋದಳು. ಅವತ್ತು ಸಂಜೆ ಧ್ವನಿವರ್ಧಕದಲ್ಲಿ ಹಂದಿ ಬೆಲೆ ಓದುತ್ತ ಅವಳ ದನಿ ಒಂದು ಕಡೆ ನಡುಗಿತು. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದವರು ಎದ್ದು ಒಳಗೆ ಬಂದರು. ಅದಾದ ಮೇಲೆ ಅವರು ಙ್ರಾಕ್ ಅನ್ನುವುದನ್ನೇ ಬಿಟ್ಟರು. ಬೆಳಗಿನ ಗಂಜಿ ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ಆ ಬಾತುಕೋಳಿ ಇಲ್ಲದ ಮನೆ ನನಗೆ ಭಣಭಣ ಅನ್ನಿಸಿತು ಎಂದರೆ ಯಾರು ನಂಬುತ್ತಾರೆ.

ಲೆಗಳ ಹಿರಿಯರ ಮನೆಗೆ ಹೋಗಬೇಕಾದ ಬೆಳಗ್ಗೆ ನನ್ನ ತಾಳ್ಮೆ ಹೋಯಿತು. ‘ಈ ಬೀರು ನನ್ನಪ್ಪನದು’ ಎಂದು ಕೂಗುತ್ತ ಒಣಮೆಣಸಿನಕಾಯಿಯ ಬುಟ್ಟಿ ತಂದೆ. ‘ಇವತ್ತಿಂದ ಇದರಲ್ಲಿ ಮೆಣಸಿನಕಾಯಿ ಇಡ್ತೀನಿ. ನಿಮ್ಮ ಎರಡೂವರೆ ಸಾವಿರ ವರ್ಷದ ನೆಂಟರನ್ನೆಲ್ಲ ಖಾಲಿ ಮಾಡ್ಸಿ.’ ಕೈಗೆ ಸಿಕ್ಕ ಖಾನೆ ಜಗ್ಗಿದೆ. ಅದು ಪೂರ್ತಿ ಕಿತ್ತು ಬಂದು ಚೀಟಿಗಳು ನೆಲದ ತುಂಬ ಚೆಲ್ಲಿದವು. ಮೇಷ್ಟ್ರು ಬಗ್ಗಿ ಒಂದೊಂದಾಗಿ ಆರಿಸತೊಡಗಿದರು. ಅವರ ನರೆತ ನೆತ್ತಿ ನೋಡಿ ನನಗೆ ಅಳು ಬಂತು, ಬುಟ್ಟಿ ಕೆಳಗಿಟ್ಟು ನಾನೂ ಆರಿಸಲು ಕೂತೆ. ನಾಲ್ಕು ಚೀಟಿ ಕೈಗೆ ಬಂದಾಗ ಅವರು ಆರಿಸುವುದನ್ನು ನಿಲ್ಲಿಸಿದರು. ಅವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು, ಮತ್ತೆ ನೋಡಿದರು, ಅಂಗಿಯ ಜೇಬಿಗೆ ಹಾಕಿಕೊಂಡರು.

‘ಏನದು?’ ಎಂದೆ.

‘ಮೆಣಸಿನಕಾಯಿ’ ಎಂದು, ಟೋಪಿ ಹಾಕಿಕೊಂಡು ಹೊರಟರು.

ಲೆಗಳು ತಮ್ಮ ಪೂರ್ವಿಕರನ್ನು ಪೂಜಿಸುವ ಆ ಹಿರಿಯರ ಮನೆಗೆ ಆಗಷ್ಟೇ ಹೊಸ ಹೆಂಚು ಹೊದಿಸಿದ್ದರು. ಎಷ್ಟೋ ವರ್ಷ ಅಲ್ಲಿ ಗೊಬ್ಬರದ ಮೂಟೆಗಳಿದ್ದವು, ಈಗ ಪೂರ್ವಿಕರ ಹೆಸರಿನ ಹಲಗೆಗಳು ಸಾಲಾಗಿ ಮರಳಿ ಬಂದಿದ್ದವು. ಹಲಗೆ ಹಲಗೆಯ ಮೇಲೂ ನಮ್ಮದೇ ಅಕ್ಷರ. ಊರಿನ ಹಿರಿಯರು ಬೆಂಚುಗಳಲ್ಲಿ ಕೂತಿದ್ದರು. ಶ್ಯು ಚಿಕ್ಕಮ್ಮ ಚಹಾ ಬಟ್ಟಲು ಹಿಡಿದು ಆಗಲೇ ಗೆದ್ದವಳ ಹಾಗೆ ಕೂತಿದ್ದಳು. ಕೈತಿಯನ್ ಕಂಬಕ್ಕೆ ಒರಗಿ ನಿಂತಿದ್ದ, ಮಿಂಗ್‌ಚಿನ್ ನನ್ನ ತೋಳು ಹಿಡಿದಿದ್ದಳು. ಚಾಂಗ್‌ಹ್ವೈ ಅಜ್ಜ ಧೂಪದ ಕಡ್ಡಿ ಹಚ್ಚಿ ನೆಟ್ಟು ತಿರುಗಿದ.

‘ಮೇಷ್ಟ್ರೇ, ನಾನು ಓದು ಬರಹ ಅಷ್ಟಾಗಿ ಬಲ್ಲೋನಲ್ಲ. ನೀವು ಬಲ್ಲೋರು. ನಿಮ್ಮ ಹೆಸರು ನಮ್ಮ ಹೆಸರು ಮೊದಲಿನಿಂದ್ಲೂ ಬೇರೆನಾ? ಹೌದು ಅನ್ನಿ, ಸಿಹಿ ಹಂಚ್ತೀನಿ.’

ಮೇಷ್ಟ್ರು ಟೋಪಿ ತೆಗೆದರು. ‘ಅಲ್ಲ ಅಜ್ಜಾರೇ. ಒಂದೇ ಆಗಿತ್ತು.’

ಮಗಳ ಉಗುರು ನನ್ನ ತೋಳಿಗೆ ನಾಟಿತು. ಯಾರೋ ನಾಲಿಗೆ ಲೊಚಗುಟ್ಟಿದರು. ಅಜ್ಜನ ಮುಖ ಇಳಿದುಹೋಯಿತು; ಪಾಪ, ಅವನಿಗೂ ಬೇಕಾಗಿದ್ದು ಹೌದು ಎಂಬ ಮಾತೇ. ಆ ಕ್ಷಣದಲ್ಲಿ ನನಗೆ ನನ್ನ ಗಂಡನ ಮೇಲೆ ಬಂದಷ್ಟು ಸಿಟ್ಟು ಬದುಕಿನಲ್ಲಿ ಎಂದೂ ಬಂದಿರಲಿಲ್ಲ.

‘ಒಂದೇ ದನಿ ಆಗಿತ್ತು’ ಎಂದು ಮೇಷ್ಟ್ರು ಮುಂದುವರಿಸಿದರು, ತರಗತಿಯಲ್ಲಿ ಪಾಠ ಮಾಡುವಷ್ಟೇ ನಿಧಾನವಾಗಿ. ‘ದನಿ ಒಂದೇ ಇದ್ರೆ ಕುಲ ಒಂದೇ ಅನ್ನೋದಾದ್ರೆ, ಇನ್ನೂ ಸ್ವಲ್ಪ ಲೆಕ್ಕ ಇದೆ. ಅದನ್ನೂ ಇಲ್ಲೇ ಚುಕ್ತಾ ಮಾಡಿಬಿಡೋಣ.’ ಜೇಬಿನಿಂದ ಚೀಟಿಗಳನ್ನು ತೆಗೆದು ಧೂಪದ ಮೇಜಿನ ಮೇಲೆ ಹರವಿದರು. ‘ಇದು ಯು ಮನೆತನದ ಅಕ್ಷರ. ಇದು ಶ್ಯು. ಇದು ತು. ಈ ಶ್ಯು ಒಳಗೆ ನೋಡಿ, ಬಲಗಡೆ ಯಾರು ಕೂತಿರೋದು?’

ಹಿರಿಯರಲ್ಲೊಬ್ಬ ಬಗ್ಗಿ ನೋಡಿದ. ‘ಯು.’

‘ತು ಒಳಗೆ?’

‘ಅಲ್ಲೂ ಯು.’

‘ಹಳೇ ಕಾಲದಲ್ಲಿ ಮೂವರದ್ದೂ ಹತ್ತಿರದ ದನಿ. ನನ್ನ ಬೀರಲ್ಲಿ ಮೂವರೂ ಒಂದೇ ಖಾನೆ. ಇಲ್ಲಿ ಯು ಹೆಣ್ಣನ್ನ ಶ್ಯುಗೆ ಕೊಟ್ಟೋರು, ತು ಮನೆಯಿಂದ ತಂದೋರು ಎಷ್ಟು ಜನ ಇದೀರಿ?’

ಹೊಳೆಯ ಎರಡೂ ಕಡೆ ಈ ಮೂರು ಹೆಸರಿನವರು ಹುಲ್ಲಿನ ಹಾಗೆ ತುಂಬಿಕೊಂಡಿದ್ದಾರೆ. ಬೆಂಚುಗಳ ಮೇಲೆ ಗುಸುಗುಸು ಹುಟ್ಟಿತು. ಒಬ್ಬ ಹಿರಿಯ ಪಕ್ಕದವನಿಂದ ಸ್ವಲ್ಪ ಸರಿದು ಕೂತ. ಶ್ಯು ಚಿಕ್ಕಮ್ಮ ಬಟ್ಟಲು ಕೆಳಗಿಟ್ಟಳು. ಅವಳು ಶ್ಯು ಮನೆಯ ಮಗಳು, ಅವಳ ಗಂಡ ತು ಮನೆಯವನು.

‘ಹಾಗಾದ್ರೆ ಆ ಕತ್ತೆ ಜೊತೆ ನನ್ನ ಮದುವೆ ಆಗೇ ಇಲ್ವಾ ಮೇಷ್ಟ್ರೇ?’ ಎಂದಳು. ‘ಅದನ್ನ ಒಂದು ಕಾಗದದ ಮೇಲೆ ಬರೆದುಕೊಡಿ. ಈಗ್ಲೇ ತೋರಿಸ್ತೀನಿ.’

ಇಡೀ ಮನೆ ನಕ್ಕಿತು. ಮೇಷ್ಟ್ರು ನಾಲ್ಕನೇ ಚೀಟಿ ಎತ್ತಿ ಹಿಡಿದರು. ‘ನೀವು ಕುಡೀತಿರೋ ಚಹಾ ಕೂಡ ಅದೇ ಮನೇದು ಚಿಕ್ಕಮ್ಮ. ಈ ಅಕ್ಷರಾನೂ ಮೊದಲು ಯು ಇಟ್ಕೊಂಡೇ ಬರೀತಿದ್ರು, ಆಮೇಲೆ ಒಂದು ಗೀಟು ಬಿಟ್ಟುಹೋಯ್ತು. ಅಂದ್ರೆ ನೀವು ದಿನಾ ಕುಡೀತಿರೋದು ನಿಮ್ಮ ತವರಿನೋರನ್ನೇ.’ ಆಮೇಲೆ ಅಜ್ಜನ ಕಡೆ ತಿರುಗಿದರು. ‘ಅಜ್ಜಾರೇ, ಅಮ್ಮ ಅನ್ನೋ ಅಕ್ಷರದಲ್ಲಿ ಕುದುರೆ ಇದೆ. ದನಿ ಕೊಡೋಕೆ ಬಂದು ನಿಂತಿದೆ. ಅಷ್ಟಕ್ಕೇ ಕುದುರೆ ನಮ್ಮ ಅಜ್ಜಿ ಆಗುತ್ತಾ? ನನ್ನ ಹೆಂಡತಿ ಆಗುತ್ತೆ ಅಂತಾಳೆ, ಅದು ಬೇರೆ ವಿಷಯ.’

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೆನ್ನೆ ಬಿಸಿಯಾಯಿತು. ನಾನು ಹೊಸ ಮದುವಣಗಿತ್ತಿಯಾಗಿ ಆಡಿದ್ದ ಮಾತನ್ನು ಈ ಮನುಷ್ಯ ಇಷ್ಟು ವರ್ಷ ಜೋಪಾನ ಮಾಡಿಕೊಂಡಿದ್ದರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಜ್ಜ ನಗಲಿಲ್ಲ. ಯು ಎಂದು ಬರೆದ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡ. ‘ನನ್ನ ಹೆಂಡತಿ ಯು ಮನೆಯೋಳು’ ಎಂದ. ‘ಅವಳಪ್ಪ ಯು. ಅವಳಮ್ಮ ತು.’

‘ಗೊತ್ತು ಅಜ್ಜಾರೇ’ ಎಂದರು ಮೇಷ್ಟ್ರು ಮೆತ್ತಗೆ.

‘ಅವರಿಬ್ಬರಿಗೆ ಯಾರಾದ್ರೂ ಹೀಗೆ ಹಿರಿಯರ ಮನೇಲಿ ಲೆಕ್ಕ ಕೇಳಿ ಬೇಡ ಅಂದಿದ್ರೆ?’

ಕೈತಿಯನ್ ಕಂಬ ಬಿಟ್ಟು ಬಂದು ಅಜ್ಜನ ಪಕ್ಕದಲ್ಲಿ ನಿಂತ. ಅಜ್ಜನ ಹೆಂಡತಿ ನನಗೂ ಗೊತ್ತಿದ್ದವಳೇ, ಸಂತೆಯಲ್ಲಿ ಸೋಯಾ ಮೊಸರು ಮಾರುತ್ತಿದ್ದಳು. ಗಂಡ ಗಾಡಿ ತಳ್ಳಿಕೊಂಡು ಹಿಂದೆ ಹಿಂದೆಯೇ ಬರುತ್ತಿದ್ದ.

‘ಊರು ಬೇರೆ’ ಎಂದ ಅಜ್ಜ ಕೊನೆಗೆ. ‘ಹಿರಿಯರ ಹಲಗೆ ಬೇರೆ, ಸಮಾಧಿ ಗುಡ್ಡ ಬೇರೆ. ನಮಗೆ ಅಷ್ಟು ಸಾಕು. ದನಿ ಒಂದೇ ಇದ್ರೆ ಇರಲಿ, ಮನೇಲಿ ಜಗಳ ಕಡಿಮೆ ಆಗುತ್ತೆ.’ ಚೀಟಿಯನ್ನು ವಾಪಸು ಕೊಡದೆ ತನ್ನ ಜೇಬಿಗೆ ಹಾಕಿಕೊಂಡ. ಮೇಷ್ಟ್ರು ಕೇಳಲಿಲ್ಲ. ನನ್ನ ಮಗಳು ಅಲ್ಲೇ, ಅಷ್ಟು ಜನರೆದುರು, ಅಪ್ಪನ ತೋಳಿಗೆ ಮುಖ ಒತ್ತಿ ಅತ್ತಳು. ಮೇಷ್ಟ್ರು ಏನು ಮಾಡಬೇಕೋ ತಿಳಿಯದೆ ಅವಳ ತಲೆಯ ಮೇಲೆ ಟೋಪಿ ಇಟ್ಟರು.

‘ಆದ್ರೆ ಒಂದು’ ಎಂದ ಅಜ್ಜ, ಸಿಹಿ ಹಂಚುತ್ತ. ‘ಆ ಹಳೇ ಕಾಲದಲ್ಲಿ ನಮ್ಮ ಹೆಸರು ಹೇಗಿತ್ತು? ಹೇಳಿ, ಕೇಳೋಣ.’

ಬೇಡ ಬೇಡ ಎಂದು ನಾನು ಕಣ್ಣು ಮಿಟುಕಿಸಿದೆ. ಮೇಷ್ಟ್ರು ಕಣ್ಣು ಮುಚ್ಚಿ, ಕತ್ತು ಚಾಚಿ, ‘ಙ್ರಾಕ್’ ಎಂದರು. ಹೊರಗೆ ಕಾಳು ಹೆಕ್ಕುತ್ತಿದ್ದ ಕೋಳಿಗಳು ಚದುರಿದವು.

ಅಜ್ಜ ಕೆಮ್ಮು ಹತ್ತುವವರೆಗೂ ನಕ್ಕ. ‘ಮೇಷ್ಟ್ರೇ, ಮದುವೆಗೆ ನನ್ನ ಒಪ್ಪಿಗೆ ಇದೆ. ಇದಕ್ಕೆ ಮಾತ್ರ ಇಲ್ಲ. ಯಾವ ಮನುಷ್ಯ ತನ್ನ ಹೆಸರನ್ನ ಹಾಗಂತಾನೆ? ನಿಮ್ಮನ್ನ ಬಿಟ್ಟು ಇನ್ನೊಬ್ಬ ಮನುಷ್ಯನ ಬಾಯಲ್ಲಿ ಅದನ್ನ ಕೇಳಿಸಿ, ಆಗ ನಂಬ್ತೀನಿ.’

ಮದುವೆಯಾಯಿತು. ಶ್ಯು ಚಿಕ್ಕಮ್ಮ ಜೋಡಿ ಕೂಡಿಸಿದ್ದಕ್ಕೆ ತನಗೆ ಸಲ್ಲಬೇಕಾದ ಹಂದಿ ತೊಡೆಯನ್ನು ಆ ಕತ್ತೆಯ ಹೆಗಲ ಮೇಲೆ ಹೊರಿಸಿಕೊಂಡು ಹೋದಳು. ಮೊಮ್ಮಗು ಹುಟ್ಟಿತು, ಗಂಡು. ಮಗುವಿನ ಮನೆತನದ ಅಕ್ಷರ ಬರೆಯಲು ಜಗಳವೇ ಬರಲಿಲ್ಲ, ಓದಲು ಬಂತು. ಈಚೆ ದಡದಲ್ಲಿ ಯ್ವೆ, ಆಚೆ ದಡದಲ್ಲಿ ಲೆ. ಮಿಂಗ್‌ಚಿನ್ ಮಾತ್ರ ಧ್ವನಿವರ್ಧಕದ ದನಿಯಲ್ಲಿ, ‘ನಿಘಂಟಿನಲ್ಲಿ ಎರಡೂ ಇದೆ, ದಯವಿಟ್ಟು ಶಾಂತರಾಗಿರಿ’ ಎನ್ನುತ್ತಿದ್ದಳು. ಮೇಷ್ಟ್ರು ಮಗು ಬಂದಾಗಲೆಲ್ಲ ತೊಟ್ಟಿಲಿಗೆ ಬಗ್ಗಿ ಙ್ರಾಕ್ ಎಂದು ಕರೆಯುತ್ತಿದ್ದರು. ಮಗು ಬೆಚ್ಚುತ್ತೆ ಎಂದು ನಾನು ಬೈಯುತ್ತಿದ್ದೆ. ಅದು ಬೆಚ್ಚದೆ ಅವರ ಬಾಯನ್ನೇ ನೋಡುತ್ತಿತ್ತು.

ಚಳಿಗಾಲದ ಒಂದು ಬೆಳಗ್ಗೆ ಚಾಂಗ್‌ಹ್ವೈ ಅಜ್ಜ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಿದ್ದ. ಅಂಗಳದಲ್ಲಿ ಎಳೆ ಬಿಸಿಲಿತ್ತು. ಮಗು ಆಗಷ್ಟೇ ಹಾಲು ಕುಡಿದು ಅಜ್ಜನ ಮಡಿಲಲ್ಲಿ ಮಲಗಿ ಕಾಲು ಆಡಿಸುತ್ತಿತ್ತು. ನಾನು ತಾವರೆ ಬೇರು ಹೆಚ್ಚುತ್ತಿದ್ದೆ. ಮಗು ತುಟಿ ತೆರೆದು, ಮೂಗಿನಿಂದ ಏನೋ ಎಳೆದು, ‘ಙ್ರಾ’ ಎಂದಿತು.

ನನ್ನ ಚಾಕು ನಿಂತಿತು. ಅಜ್ಜ ಮಗುವಿನ ಮುಖ ನೋಡಿದ.

‘ಙ್ರಾ’ ಎಂದಿತು ಮಗು ಮತ್ತೆ, ಕೈ ಬೀಸಿ.

‘ಮೇಷ್ಟ್ರೇ’ ಎಂದು ಅಜ್ಜ ಒಳಗೆ ಕೂಗಿದ. ‘ಬನ್ನಿ ಇಲ್ಲಿ. ಇವನು ಏನೋ ಅಂತಿದಾನೆ.’

ಮೇಷ್ಟ್ರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಂದರು. ಮಗು ಅವರನ್ನು ಕಂಡು ಬೊಚ್ಚು ಬಾಯಿ ಬಿಟ್ಟು ನಕ್ಕಿತು, ಇನ್ನೊಮ್ಮೆ ಅಂದಿತು. ಅವರು ಮಂಡಿಯೂರಿ ಕಿವಿ ಹತ್ತಿರ ತಂದರು. ಕರೆದು ಕರೆದು ಸಾಕಾದ ಮೇಲೆ ಯಾರೋ ದೂರದಿಂದ ಓಗೊಟ್ಟ ಹಾಗೆ ಅವರ ಮುಖವಿತ್ತು. ಇಷ್ಟು ವರ್ಷ ನಾನು ಗೇಲಿ ಮಾಡಿದ ದನಿ ಅದು. ಆ ಪುಟ್ಟ ಗಂಟಲಿನಿಂದ ಬಂದಾಗ ನನಗೂ ಚೆಂದವೆನಿಸಿತು, ಹಾಡಿನ ಹಾಗೂ ಇತ್ತು, ಖುಷಿಯ ಹಾಗೂ ಇತ್ತು.

‘ಸರಿ ಇದೆ’ ಎಂದರು ಮೇಷ್ಟ್ರು. ‘ಕೊನೇ ಕ್ ಒಂದಿಲ್ಲ. ಅದು ಕಷ್ಟ. ಹಲ್ಲು ಬರಲಿ.’

‘ಕ್ ಇಲ್ಲದೆ ನಾನು ಒಪ್ಪಲ್ಲ’ ಎಂದ ಅಜ್ಜ. ‘ಮಾತು ಅಂದ್ರೆ ಮಾತು.’

ಮಗು ಇಬ್ಬರನ್ನೂ ನೋಡಿತು. ಹಾಲು ಹೊಟ್ಟೆ ತುಂಬ ಇತ್ತು. ‘ಙ್ರಾ’ ಎಂದು ಶುರು ಮಾಡಿತು, ಅಷ್ಟರಲ್ಲಿ ಬಿಕ್ಕಳಿಕೆ ಬಂದು, ‘ಕ್’ ಎಂದು ಮುಗಿಯಿತು.

ಮೇಷ್ಟ್ರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಚಪ್ಪಲಿ ಇತ್ತು. ಮಗುವಿಗೆ ಇನ್ನೊಂದು ಬಿಕ್ಕಳಿಕೆ ಬಂತು. ಬೆನ್ನು ತಟ್ಟೋಣವೆಂದು ನಾನು ಕೈ ಒರೆಸಿಕೊಂಡು ಎದ್ದೆ.

‘ತಡಿ ಪೇಲಾನ್’ ಎಂದರು ಮೇಷ್ಟ್ರು.

‘ಮುಟ್ಟಬೇಡಿ ಬೀಗಿತ್ತಿ’ ಎಂದ ಅಜ್ಜ, ಮಗುವನ್ನು ನನ್ನಿಂದ ಆಚೆ ತಿರುಗಿಸಿಕೊಂಡು. ‘ಇನ್ನೊಂದ್ಸಲ ಅನ್ನಲಿ.’